ಸೋಮವಾರ ಹೂಡದ ಮಷೀನು

ಸೋಮವಾರ ಮೂಡಲಗಿಗೆ ಬಂದು ಕಾಶಿನಾಥನ ಕಡೆ ಬಾಗಿಲು ಕೆತ್ತಿಸಿಕೊಂಡು ಹೋಗಬೇಕು ಅಂದುಕೊಂಡವರಿದ್ದರೆ ಈಗಲೇ ಹೇಳಿಬಿಡುತ್ತೇನೆ, ಬರಬೇಡಿ. ಶೆಡ್ಡು ತೆರೆದಿರುತ್ತದೆ, ಕಾಶಿನಾಥ ಇರುತ್ತಾನೆ, ಕರೆಂಟೂ ಇದ್ದರೂ ಇರಬಹುದು. ಮಷೀನು ಮಾತ್ರ ನಡೆಯುವುದಿಲ್ಲ. ಬಸವಣ್ಣನನ್ನು ನಂಬಿದ ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ಲೆಕ್ಕಕ್ಕೆ ಈ ಮಷೀನಿಗೂ ಅವತ್ತು ಬಿಡುವು.

ನನ್ನ ಹೆಸರು ಮಾಲಿಂಗಪ್ಪ. ಅವನ ಶೆಡ್ಡಿಗೂ ನನ್ನ ಶೆಡ್ಡಿಗೂ ನಡುವೆ ಒಂದೇ ತಗಡಿನ ಗೋಡೆ. ಅವನು ಕೆತ್ತಿದ ಬಾಗಿಲು, ಮಂಚದ ತಲೆಹಲಗೆಗಳನ್ನು ನಾನು ಪಾಲೀಸ್ ಕಾಗದದಿಂದ ತಿಕ್ಕಿ ನುಣುಪು ಮಾಡಿ ಬಣ್ಣ ಹಚ್ಚುತ್ತೇನೆ. ನಮ್ಮದು ಕುರಿ ಕಾಯುತ್ತಿದ್ದ ಮನೆತನ. ನಮ್ಮ ದೇವರಿಗೆ ಅರಿಷಿಣದ ಭಂಡಾರ ನಡೆಯುತ್ತದೆ, ಸೋಮವಾರದ ಕಟ್ಟು ನಮಗಿಲ್ಲ. ಕುರಿಗೆ ಯಾರು ವಾರಕ್ಕೊಂದು ರಜೆ ಕೊಡುತ್ತಾರೆ? ಸೋಮವಾರ ಅವನ ಮಷೀನು ನಿಂತರೆ ಮಂಗಳವಾರ ನನ್ನ ಕೈ ಖಾಲಿ. ಹನ್ನೊಂದು ವರ್ಷ ಪ್ರತಿ ಮಂಗಳವಾರ ನಾನು ಹಲ್ಲು ಕಡಿದಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ದುಂಡವ್ವ ಊರಿಗೆಲ್ಲ ಸಾರಿದ್ದಾಳೆ, ಆದ್ದರಿಂದ ಮುಚ್ಚಿಡುವುದೇನೂ ಉಳಿದಿಲ್ಲ.

ಕಾಶಿನಾಥ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಹದಿನೆಂಟು ವರ್ಷ ಫಿಟರ್ ಆಗಿದ್ದವನು. ಎತ್ತರದ ಆಳು, ಮಾತು ಕಡಿಮೆ. ಅವನ ದೊಡ್ಡ ಕೊರತೆ ಎಂದರೆ ಸುಳ್ಳು ಹೇಳಲು ಬರುವುದಿಲ್ಲ. ಗಿರಾಕಿ ಆಸೆಯಿಂದ ತಂದ ಹಲಗೆಯನ್ನು ಉಗುರಿನಿಂದ ಕೆರೆದು, "ಇದು ಸಾಗವಾನಿ ಅಲ್ರಿ, ನಿಮಗ ಯಾರೋ ಟೋಪಿ ಹಾಕ್ಯಾರ" ಅಂದುಬಿಡುತ್ತಾನೆ. ಬಾಗಿಲು ಎಂದಿಗೆ ಸಿಗುತ್ತದೆ ಎಂದು ಕೇಳಿದರೆ ಪ್ರಪಂಚದ ಬಡಿಗರೆಲ್ಲ ನಾಳೆ ಅನ್ನುತ್ತಾರೆ, ಇವನು "ಹನ್ನೆರಡ ದಿನ ಹಿಡಿತೈತ್ರಿ" ಅನ್ನುತ್ತಾನೆ. ಗಿರಾಕಿ ನಾಳೆ ಅಂದವನ ಕಡೆ ಹೋಗುತ್ತಾನೆ, ಒಂದು ತಿಂಗಳು ಅಲೆದಾಡಿ ಚಪ್ಪಲಿ ಸವೆಸಿಕೊಂಡು ಮತ್ತೆ ಇವನ ಶೆಡ್ಡಿಗೇ ಬರುತ್ತಾನೆ. ಇಂಥವನ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡು ಬಾಳುವುದು ಸುಲಭವಲ್ಲ. ಆದರೂ ಬಾಳಿದ್ದೇನೆ, ಯಾಕೆಂದರೆ ಅವನ ಮೇಲೆ ನನಗೆ ಜೀವ.

ಕಾಶಿನಾಥನ ಬಗ್ಗೆ ಬರೆಯಲು ಕುಳಿತರೆ ಬಾಳವ್ವ ತಾನೇ ಬಂದು ನಡುವೆ ಕೂರುತ್ತಾಳೆ. ಅವನಿಗೆ ಮೂರು ವರ್ಷವಿದ್ದಾಗ ತಾಯಿ ತೀರಿಕೊಂಡಳು. ತಾಯಿಯ ತಂಗಿ ಬಾಳವ್ವ ಅವನನ್ನು ಸಾಕಿದಳು. ಅವನು ಚಿಗವ್ವ ಎಂದು ಕರೆಯುತ್ತಾನೆ, ಕೇಳಿ ಕೇಳಿ ನಾನೂ ಹಾಗೇ ಕರೆಯುತ್ತೇನೆ. ಗಂಡ ಬೇಗ ಹೋದ ಮೇಲೆ ಎರಡು ಎಕರೆ ಹೊಲವನ್ನು ತಾನೇ ಎತ್ತು ಹೂಡಿ ಉತ್ತ ಹೆಂಗಸು ಅವಳು. ಕಡೆಯ ಜೋಡಿಯಲ್ಲಿ ಬಲಗಡೆಯ ಎತ್ತಿನ ಹೆಸರು ಸಾರಂಗ. ಕೊಯ್ದ ಜೋಳದ ಬುಡದಲ್ಲಿ ಮತ್ತೆ ಚಿಗುರುವ ಎಳೆ ಕುಡಿ ದನಕ್ಕೆ ವಿಷ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು, ಬಾಳವ್ವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಒಂದು ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಾಗ, ಹಗ್ಗ ಬಿಗಿಯಾಗಿದೆಯೋ ಇಲ್ಲವೋ ಎಂದು ಅವಳು ತಿರುಗಿ ನೋಡಲಿಲ್ಲ. ನೋಡುವಷ್ಟರಲ್ಲಿ ಸಾರಂಗ ಎರಡು ಸಾಲು ಮೇಯ್ದು ಮುಗಿಸಿತ್ತು. ಸಂಜೆಯೊಳಗೆ ಸತ್ತೂ ಹೋಯಿತು.

"ನನ್ನ ಕೈಲೇ ಸತ್ತಿತು" ಎಂದು ಅವಳು ಆರು ತಿಂಗಳು ಸರಿಯಾಗಿ ಉಣ್ಣಲಿಲ್ಲವಂತೆ. ಒಂಟಿಯಾದ ಎತ್ತಿಗೆ ಹೊಸ ಜೋಡಿ ತರೋಣವೆಂದರೆ ಒಪ್ಪಲಿಲ್ಲ. ಅದನ್ನು ಒಳ್ಳೆಯ ಮನೆ ನೋಡಿ ಮಾರಿದಳು, ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿದಳು, ಬಂದದ್ದನ್ನು ಕಾಶಿನಾಥನ ಕೈಗಿಟ್ಟಳು. ಅವನು ಆಗಷ್ಟೇ ಗಿರಣಿ ಬಿಟ್ಟಿದ್ದ. ಒಂದು ವಾರದಲ್ಲಿ ಇಚಲಕರಂಜಿಯಿಂದ ಲಾರಿಯಲ್ಲಿ ಹಳೆಯ ಸಿಎನ್‌ಸಿ ಮಷೀನು ಬಂದು ಇಳಿಯಿತು.

ನೋಡದವರಿಗೆ ಹೇಳುತ್ತೇನೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಕಬ್ಬಿಣದ ಮಂಚ ಅದು. ಮಂಚದ ಎರಡೂ ಬದಿಗೆ ಉದ್ದಕ್ಕೆ ಒಂದೊಂದು ದುಂಡು ರಾಡು. ಆ ಎರಡು ರಾಡುಗಳ ಮೇಲೆ ಒಂದು ಅಡ್ಡ ತೊಲೆ ಹಿಂದೆ ಮುಂದೆ ಓಡುತ್ತದೆ. ತೊಲೆಗೆ ಸಿಕ್ಕಿಸಿದ ಕೆತ್ತುವ ಮೋಟಾರು ಕಂಪ್ಯೂಟರ್ ಹೇಳಿದಂತೆ ಎಡಕ್ಕೆ ಬಲಕ್ಕೆ ಹೋಗಿ ಕಟ್ಟಿಗೆ ಕೊರೆಯುತ್ತದೆ. ತೊಲೆಯ ಎರಡೂ ತುದಿಯ ಅಡಿಯಲ್ಲಿ, ಮುಂದೊಂದು ಹಿಂದೊಂದು, ಬೇರಿಂಗಿನ ಡಬ್ಬಿಗಳು. ಒಳಗೆ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳು ಉರುಳುವುದರಿಂದ ತೊಲೆ ಸಲೀಸಾಗಿ ಜಾರುತ್ತದೆ.

ಇಷ್ಟನ್ನು ಕಾಶಿನಾಥ ಮೊದಲ ದಿನ ಬಾಳವ್ವನಿಗೆ ವಿವರಿಸಿದ. ಅವಳು ಸುತ್ತ ಒಂದು ಸುತ್ತು ಬಂದು ನೋಡಿದಳು. ಅಡ್ಡ ತೊಲೆಯನ್ನು ಮುಟ್ಟಿ, "ಇದು ನೊಗ" ಅಂದಳು. ತೊಲೆಯ ತುದಿಯ ಬೇರಿಂಗ್ ಡಬ್ಬಿಗಳನ್ನು ಮುಟ್ಟಿ, "ಇವು ಹೆಗಲು" ಅಂದಳು. ಅಲ್ಲಿಗೆ ಮಷೀನಿನ ಹೆಸರು ಸಾರಂಗ ಎಂದಾಯಿತು, ಸೋಮವಾರದ ರಜೆಯೂ ಗಟ್ಟಿಯಾಯಿತು. ಪ್ರತಿ ಸೋಮವಾರ ಮುಂಜಾನೆ ಮಿಂದು, ವಿಭೂತಿ ಗಟ್ಟಿಯನ್ನು, ಅವಳ ಬಾಯಲ್ಲಿ ಈಬತ್ತಿಯನ್ನು, ಅಂಗೈಯಲ್ಲಿ ನೀರು ಹಾಕಿ ತೇಯ್ದು, ಎರಡೂ ಹೆಗಲಿಗೆ ಮೂರು ಬೆರಳಿನಿಂದ ಧಾರಾಳವಾಗಿ ಎಳೆಯುತ್ತಿದ್ದಳು. ಮೊದಲು ಬಲಗಡೆ, ಆಮೇಲೆ ಎಡಗಡೆ. ಕಾಶಿನಾಥ ಕೈಕಟ್ಟಿ ನಿಂತಿರುತ್ತಿದ್ದ. ಮಂಗಳವಾರ ಮುಂಜಾನೆ ಕೆಲಸಕ್ಕೆ ಮೊದಲು ರಾಡುಗಳನ್ನು ಮೇಲೆ ಮೇಲೆ ಒರೆಸಿ ಎಣ್ಣೆ ಬಿಡುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ತೊಂದರೆ ಶುರುವಾಯಿತು. ಹುಕ್ಕೇರಿಯ ಶೋಭಾ ಅಕ್ಕೋರು ಎಂಬ ಮಾಸ್ತರಿಣಿಯ ಹೊಸ ಮನೆಗೆ ತಲೆಬಾಗಿಲು. ನಡುವೆ ದೊಡ್ಡ ಕಮಲ, ಸುತ್ತ ಒಂದರೊಳಗೊಂದು ಐದು ಉಂಗುರ. ನಾನು ತಿಕ್ಕಿ ಮೊದಲ ಕೈ ಪಾಲೀಸ್ ಹಚ್ಚಿ ಬಿಸಿಲಿಗೆ ಹಿಡಿದೆ. ಪಾಲೀಸಿನ ಮುಂದೆ ಯಾವ ತಪ್ಪೂ ಅಡಗುವುದಿಲ್ಲ. ಉಂಗುರಗಳು ಒಂದು ಬದಿಗೆ ಉಬ್ಬಿದ್ದವು, ಗೆರೆ ಶುರುವಾದ ಜಾಗಕ್ಕೆ ಬಂದು ಕೂಡಿರಲಿಲ್ಲ. ಕಮಲದ ಎಸಳಿನ ಮೇಲೆ ರೊಟ್ಟಿ ಬಡಿದಾಗ ಬೀಳುವ ಬೆರಳಚ್ಚಿನಂಥ ಅಲೆ ಅಲೆ ಗುರುತು.

ಕಾಶಿನಾಥ ಬಂದು ನೋಡಿದ. ಹೋಗಿ ತೊಲೆಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದ. ಕಟಕಟ ಅಂದಿತು.

"ಬೇರಿಂಗ್ ಹೋಗ್ಯಾವ" ಅಂದ.

"ಹನ್ನೊಂದ ವರ್ಷ ಆತು, ಹೋಗಲೇಬೇಕಲ್ಲ."

"ವರ್ಷ ಅಲ್ಲೋ. ಧೂಳು ಹೊಕ್ಕೈತಿ ಒಳಗ." ಅವನು ತಗಡಿನ ಗೋಡೆಯ ಸಂದಿಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ನಿನ್ನ ಧೂಳು."

ನನಗೆ ಮೈಯೆಲ್ಲ ಉರಿಯಿತು. ಸ್ವಂತ ಮಷೀನಿನಿಂದ ದಿನಕ್ಕೆ ಒಂದು ಚೀಲ ಕಟ್ಟಿಗೆ ಹೊಟ್ಟು ಹಾರಿಸುವವನು ನನ್ನ ಪಾಲೀಸ್ ಕಾಗದದ ಧೂಳಿನ ಬಗ್ಗೆ ಮಾತಾಡುತ್ತಾನೆ. ಹಾಗೆಂದು ಕೇಳಿಯೂ ಕೇಳಿದೆ. ಅವನು ನಿಧಾನವಾಗಿ, "ನನ್ನ ಹೊಟ್ಟು ದಪ್ಪ ಇರ್ತೈತಿ, ಡಬ್ಬಿಯೊಳಗ ಹೋಗೂದಿಲ್ಲ. ನಿಂದು ಹಿಟ್ಟಿನಂಗ ಇರ್ತೈತಿ" ಅಂದ. ಸುಳ್ಳು ಹೇಳದವನ ಬಾಯಿಂದ ಬಂದ ತಪ್ಪು ಮಾತು ಸುಳ್ಳಿಗಿಂತ ಹೆಚ್ಚು ಚುಚ್ಚುತ್ತದೆ. ನಾನು ಅವತ್ತೇ ಗೋಡೆಯ ಸಂದಿಗೆಲ್ಲ ಗೋಣಿಚೀಲ ತುರುಕಿದೆ. ಗೋಕಾಕದಲ್ಲಿ ಬೇರೆ ಅಂಗಡಿ ನೋಡುತ್ತೇನೆ ಎಂದು ಅವನಿಗೆ ಕೇಳಿಸುವ ಹಾಗೆ ಫೋನಿನಲ್ಲಿ ಮಾತಾಡಿದೆ. ಆ ಕಡೆ ಯಾರೂ ಇರಲಿಲ್ಲ.

ಬಾಳವ್ವನಿಗೆ ವಿಷಯ ಗೊತ್ತಾದದ್ದೇ ತಡ, ನನ್ನ ಬಾಗಿಲಿಗೆ ಬಂದು ನಿಂತಳು. ಎಪ್ಪತ್ತನಾಲ್ಕು ವರ್ಷ, ನನ್ನ ಎದೆಯ ಎತ್ತರ, ಧ್ವನಿ ಮಾತ್ರ ಹೊಲದ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು.

"ಮಾಲಿಂಗಾ, ನಿನ್ನ ಧೂಳು ನನ್ನ ಸಾರಂಗನ ಹೆಗಲ ತಿಂದೈತಿ. ಬಾಯಿ ಇಲ್ಲದ ಜೀವ ಅದು. ಒಂದ ಪಡದಾ ಹಾಕ್ಕೊಂಡ ಕೆಲಸಾ ಮಾಡಾಕ ಏನ್ ಆಗಿತ್ತೋ ನಿನಗ?"

ಕಬ್ಬಿಣದ ಮಂಚವನ್ನು ಬಾಯಿಲ್ಲದ ಜೀವ ಅನ್ನುವವಳ ಜೊತೆ ಏನೆಂದು ವಾದಿಸುವುದು. ಹಲ್ಲು ಕಚ್ಚಿಕೊಂಡು ತಿಕ್ಕುತ್ತಾ ಕೂತೆ.

ಕಾಶಿನಾಥ ಹಳೆಯ ತರದ ಬೇರಿಂಗನ್ನೇ ಮತ್ತೆ ಹಾಕುವ ಬದಲು ಇನ್ನೂ ಒಳ್ಳೆಯದಕ್ಕೆ ಏರಿಸುವುದೆಂದು ತೀರ್ಮಾನಿಸಿದ. ದುಂಡು ರಾಡು ತೆಗೆದು ಚೌಕ ರೇಲು, ಅದಕ್ಕೆ ಹೊಂದುವ ಬಿಗಿಯಾದ ಬೇರಿಂಗ್ ಬ್ಲಾಕುಗಳು. ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ ತಂದ. ಶೋಭಾ ಅಕ್ಕೋರಿಗೆ ಫೋನು ಮಾಡಿ, "ನಿಮ್ಮ ಬಾಗಿಲ ಕೆಟ್ಟೈತ್ರಿ, ತಪ್ಪು ನಂದು, ನನ್ನ ಕಟ್ಟಿಗಿಲೇ ಹೊಸಾದು ಮಾಡಿ ಕೊಡ್ತೇನ್ರಿ, ಇಪ್ಪತ್ತ ದಿನ ಬೇಕ್ರಿ" ಅಂದ. ಆ ತಾಯಿ ಪುಣ್ಯವಂತೆ, ವಾಸ್ತು ಪೂಜೆಗೆ ಇನ್ನೂ ಒಂದು ತಿಂಗಳಿದೆ ಎಂದು ಒಪ್ಪಿಕೊಂಡರು.

ರೇಲು ಕೂರಿಸಲು ನಿಖರವಾದ ಅಳತೆ ಬೇಕು. ಗಿರಣಿಯಲ್ಲಿ ಅವನ ಜೊತೆ ಇದ್ದ ಭೀಮಶಿ ಎಂಬ ಹಳೆಯ ಫಿಟರ್ ಗೋಕಾಕ ಫಾಲ್ಸಿನಲ್ಲೇ ಇದ್ದಾನೆ, ಅವನ ಹತ್ತಿರ ಗಡಿಯಾರದಂಥ ಮುಳ್ಳಿನ ಅಳತೆಯ ಡಬ್ಬಿ ಇದೆ. ಕೂದಲೆಳೆಯ ಹತ್ತನೇ ಪಾಲಿನಷ್ಟು ಏರುಪೇರಾದರೂ ಮುಳ್ಳು ಅಲ್ಲಾಡುತ್ತದೆ. ಅದನ್ನು ಎರವಲು ತರಲು ಕಾಶಿನಾಥ ಬಸ್ಸು ಹತ್ತಿದ. ಮಾತು ಬಿಟ್ಟಿದ್ದರೂ ನಾನೂ ಹತ್ತಿ ಬೇರೆ ಸೀಟಿನಲ್ಲಿ ಕೂತೆ. ಗೋಕಾಕದಲ್ಲಿ ವಾರ್ನೀಸು ತರುವುದಿದೆ ಎಂದು ನನಗೇ ಹೇಳಿಕೊಂಡೆ, ಆದರೆ ಫಾಲ್ಸಿನವರೆಗೂ ಹೋದೆ. ಭೀಮಶಿಯ ಮನೆಯೊಳಗೆ ನೀರು ಬೀಳುವ ಸದ್ದಿಗೆ ಗಟ್ಟಿಯಾಗಿ ಮಾತಾಡಬೇಕು. ಅವನು ಡಬ್ಬಿಯನ್ನು ಹಳೆಯ ಶಾಲಿನಲ್ಲಿ ಸುತ್ತಿ ಕೊಟ್ಟು, "ಬೇರಿಂಗ್ ಬಿಚ್ಚಿದಾಗ ಒಳಗಿನ ಹೊಲಸು ಯಾವ ಬಣ್ಣದ್ದು ಅಂತ ಮೊದ್ಲ ನೋಡು. ಅದ ಹೇಳ್ತೈತಿ ಯಾರ ತಪ್ಪು ಅಂತ" ಅಂದ. ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಬಿಚ್ಚುವ ಕೆಲಸಕ್ಕೆ ಸೋಮವಾರವೇ ಬಂತು. ಸೋಮವಾರ ಮುಟ್ಟಬಹುದೇ ಎಂದು ಬಾಳವ್ವನನ್ನು ಕೇಳಲಾಯಿತು. ಅವಳು ಯೋಚಿಸಿ, "ಇದು ಹೂಡೂದಲ್ಲ. ಲಾಳಾ ಬದಲಿ ಮಾಡಿದಂಗ. ನಡೀತೈತಿ" ಎಂದು ಅಪ್ಪಣೆ ಕೊಟ್ಟಳು.

ನಾನು ಕರೆಯದೆಯೇ ಹೋಗಿ ನಿಂತೆ. ತೊಲೆ ಹಿಡಿಯಲು ಇನ್ನೊಬ್ಬ ಆಳು ಬೇಕೇಬೇಕಿತ್ತು, ಆದ್ದರಿಂದ ಕಾಶಿನಾಥ ಏನೂ ಅನ್ನಲಿಲ್ಲ. ತೊಲೆಯನ್ನು ಎತ್ತಿ ಕಟ್ಟಿಗೆಯ ತುಂಡುಗಳ ಮೇಲೆ ಕೂರಿಸಿ, ನಾಲ್ಕು ಬೇರಿಂಗ್ ಡಬ್ಬಿಗಳನ್ನು ಬಿಚ್ಚಿ ಸೀಮೆಎಣ್ಣೆಯ ತಟ್ಟೆಯ ಪಕ್ಕದಲ್ಲಿ ಸಾಲಾಗಿಟ್ಟ. ಮೊದಲು ಹಿಂದಿನ ಎರಡನ್ನು ತೆರೆದ. ಎಣ್ಣೆ ಕಪ್ಪಾಗಿತ್ತು, ಗುಂಡುಗಳು ಫಳಫಳ ಹೊಳೆಯುತ್ತಿದ್ದವು.

ಆಮೇಲೆ ಮುಂದಿನ ಎಡಗಡೆಯದು. ಒಳಗೆಲ್ಲ ಬೂದು ಬಣ್ಣದ ಕೆಸರು. ಮುಂದಿನ ಬಲಗಡೆಯದನ್ನು ತೆರೆದರೆ ಗುಂಡುಗಳೇ ಕಾಣಲಿಲ್ಲ, ಅಷ್ಟು ಕೆಸರು. ಕಾಶಿನಾಥ ಉಗುರಿನಿಂದ ಚೂರು ತೆಗೆದು ಬೆರಳಲ್ಲಿ ಉಜ್ಜಿದ. ನಾನು ನನ್ನ ಅಂಗೈಯನ್ನು ಅದರ ಪಕ್ಕಕ್ಕೆ ಹಿಡಿದೆ. ನನ್ನ ರೇಖೆಗಳಲ್ಲಿ ಕೂತಿದ್ದ ಸಾಗವಾನಿಯ ಧೂಳು ಕೆಂಪು ಮಿಶ್ರಿತ ಕಂದು. ಅವನ ಬೆರಳ ತುದಿಯದು ಬೂದಿ. ಡಬ್ಬಿಯ ಹೊರಮೈಯಲ್ಲಿ ಮೂರು ಬೆರಳಿನ ಗುರುತು ಒಂದರ ಮೇಲೊಂದು ಪದರ ಕಟ್ಟಿ ಇನ್ನೂ ಹಾಗೇ ಇತ್ತು, ಅಲ್ಲಿಂದ ಕೆಳಗೆ ರಾಡಿನವರೆಗೆ ಉದುರಿದ ಜಾಡೂ ಇತ್ತು. ಹಿಂದಿನ ಎರಡು ಡಬ್ಬಿಗೆ ಬಾಳವ್ವನ ಕೈ ಎಟುಕುವುದಿಲ್ಲ.

ನನಗೆ ನಗು ಒತ್ತಿಕೊಂಡು ಬಂತು. "ಹದಿನೆಂಟ ವರ್ಷ ಫಿಟರ್ ಆಗಿದ್ದೆಲ್ಲ ಕಾಶಿ. ಹನ್ನೊಂದ ವರ್ಷ ನಿನ್ನ ಕಣ್ಣ ಮುಂದ ಅಕಿ ಈಬತ್ತಿ ಹಚ್ಯಾಳ, ಮ್ಯಾಲ ನೀನ ಎಣ್ಣಿ ಬಿಟ್ಟ ಕಲಸೀದಿ. ನನ್ನ ಧೂಳಂತ. ಕರಿ ನಿನ್ನ ಚಿಗವ್ವನ್ನ, ಇಲ್ಲೇ ತೋರಸ್ತೇನಿ. ಊರ ಮುಂದ ನನಗ ಬೈದಾಳ."

ಅವನು ತಲೆ ಎತ್ತಲಿಲ್ಲ. ಬೆರಳ ತುದಿಯ ಬೂದಿಯನ್ನು ಒರೆಸುತ್ತಾ, "ಅಕಿಗೆ ಗೊತ್ತಾದ್ರ ಸಾರಂಗನ್ನೂ ಇದನ್ನೂ ಕೂಡಿಸಿ ಎದಿ ಮ್ಯಾಲ ಇಟ್ಕೋತಾಳ ಮಾಲಿಂಗ. ಎರಡೂ ನನ್ನ ಕೈಲೇ ಹೋದೂ ಅಂತಾಳ. ಆವಾಗ ಆರ ತಿಂಗಳಿಗೆ ಎದ್ದಳು. ಈಗ ವಯಸ್ಸಾಗೈತಿ" ಅಂದ.

"ಹಂಗಾರ ಹೇಳಬ್ಯಾಡ."

"ನಾನಾಗೆ ಹೇಳೂದಿಲ್ಲ. ಅಕಿ ಕೇಳ್ತಾಳ. ಕೇಳಿದ್ರ ಏನ್ ಹೇಳ್ಲಿ?"

ಐವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡು, ಒಂದೇ ಒಂದು ಸುಳ್ಳು ಹೇಳುವುದು ಹೇಗೆಂದು ನನ್ನನ್ನು ಕೇಳುತ್ತಿದ್ದ. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟರಲ್ಲಿ ಬಾಳವ್ವ ಚಹಾದ ಕಿಟ್ಲಿ ಹಿಡಿದು ಬಂದೇಬಿಟ್ಟಳು. ನಾನು ಒಂದು ಹರಕು ಬಟ್ಟೆ ಎಳೆದು ತಟ್ಟೆಯ ಮೇಲೆ ಮುಚ್ಚಿದೆ.

"ಏನ್ ಸಿಕ್ಕಿತೋ ಹೆಗಲೊಳಗ?" ಎಂದು ಅವಳು ಕಾಶಿನಾಥನನ್ನು ಕೇಳಿದಳು.

ಅವನು ಬಾಯಿ ತೆರೆದ. ತೆರೆದರೆ ಏನು ಬರುತ್ತದೆಂದು ನನಗೆ ಗೊತ್ತಿತ್ತು.

"ನನ್ನ ಧೂಳ ಐತಿ ಚಿಗವ್ವಾ" ಅಂದೆ ನಾನು. "ಒಳಗೆಲ್ಲ ನಂದ. ಕಾಶಿ ಹೇಳಿದ್ದ ಖರೆ. ಇನ್ನ ಮ್ಯಾಲ ಪಡದಾ ಹಾಕ್ಕೊಂಡ ತಿಕ್ಕತೇನಿ."

ಅವಳು ಸೊಂಟದ ಮೇಲೆ ಕೈಯಿಟ್ಟು ಶುರುಮಾಡಿದಳು. ನಮ್ಮ ಅಜ್ಜನ ಕುರಿಗಳು ಅವಳ ಅಜ್ಜನ ಕಡಲೆ ಹೊಲ ಮೇಯ್ದದ್ದರಿಂದ ಹಿಡಿದು ಅವತ್ತಿನವರೆಗೆ ಒಂದನ್ನೂ ಬಿಡಲಿಲ್ಲ. ನಾನು ತಲೆ ತಗ್ಗಿಸಿ ಕೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬೈಸಿಕೊಂಡು ಸುಮ್ಮನಿದ್ದದ್ದು ಅದೊಂದೇ ಸಲ. ಬೈದು ದಣಿದ ಮೇಲೆ ನನಗೇ ಮೊದಲು ಚಹಾ ಕೊಟ್ಟಳು. ಹೋಗುವಾಗ, ಹಳೆಯ ಲಾಳ ಎಸೆಯಬಾರದು, ಆ ನಾಲ್ಕು ಡಬ್ಬಿಗಳನ್ನು ಮನೆಯ ಗೋಡೆಯ ಮಾಡದಲ್ಲಿ ಇಡುತ್ತೇನೆ, ತೊಳೆದು ಕೊಡು ಎಂದು ಕಾಶಿನಾಥನಿಗೆ ಹೇಳಿದಳು. ಕಾಶಿನಾಥ ಡಬ್ಬಿಗಳನ್ನು ಮೂರು ಸಲ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ಕೊಟ್ಟ. ಹೊರಮೈಯ ಗುರುತೂ ಹೋಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಹೊಸ ರೇಲು ಕೂರಿಸಲು ಐದು ದಿನ ಹಿಡಿಯಿತು. ಮಂಚದ ಅಂಚು ಎಲ್ಲೆಲ್ಲಿ ತಗ್ಗಿತ್ತೋ ಅಲ್ಲಿ ಕಾಗದದಷ್ಟು ತೆಳುವಾದ ತಗಡಿನ ಚೂರು ತುರುಕಿ, ಬೋಲ್ಟುಗಳನ್ನು ನಡುವಿನಿಂದ ತುದಿಯ ಕಡೆಗೆ ಒಂದೊಂದಾಗಿ ಬಿಗಿದು, ಭೀಮಶಿಯ ಮುಳ್ಳಿನ ಡಬ್ಬಿಯನ್ನು ರೇಲಿನುದ್ದಕ್ಕೂ ಓಡಿಸಿ ನೋಡುವುದು. ಮುಳ್ಳು ಅಲ್ಲಾಡಿತೋ, ಮತ್ತೆ ಸಡಿಲಿಸುವುದು. ಹೊಸ ಬ್ಲಾಕುಗಳಿಗೆ ಒಂದೊಂದು ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿ ಕೊಟ್ಟಿದ್ದರು. ಇದೇಕೆ ಬೇಕು ಎಂದು ನಾನು ಒಂದನ್ನು ಎಳೆದು ತೆಗೆದೆ. ಒಳಗಿನ ಗುಂಡುಗಳೆಲ್ಲ ಸಾಬೂದಾಣಿ ಚೆಲ್ಲಿದ ಹಾಗೆ ನೆಲದ ತುಂಬ ಉರುಳಿದವು. ಅವನ್ನು ಹಿಡಿದಿಡಲೆಂದೇ ಆ ಕಡ್ಡಿ ಇತ್ತಂತೆ. ಕಾಶಿನಾಥ ಬೈಯಲಿಲ್ಲ, ಅದು ಇನ್ನೂ ಕಷ್ಟ. ಬಾಳವ್ವ ಮೊರ ತಂದು ನೆಲ ಗುಡಿಸಿ, ಹೊಟ್ಟಿನಿಂದ ಗುಂಡುಗಳನ್ನು ಜೋಳ ಕೇರಿದ ಹಾಗೆ ಕೇರಿ ಬೇರೆ ಮಾಡಿ ಕೊಟ್ಟಳು. ಒಂದು ಮಾತ್ರ ಸಿಗಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ನೋಡಿದರೆ ಅದು ನನ್ನ ಚಪ್ಪಲಿಯ ಅಡಿಯಲ್ಲೇ ಸಿಕ್ಕಿಕೊಂಡಿತ್ತು.

ಶನಿವಾರ ಮಷೀನು ಓಡಿತು. ಹಳೆಯ ಹಲಗೆಯ ಮೇಲೆ ಒಂದು ಉಂಗುರ ಕೆತ್ತಿಸಿದ. ಕೊರೆಯುವ ಮೊನೆ ಸುತ್ತಿ ಬಂದು ಹೊರಟ ಜಾಗಕ್ಕೇ ಸೇರಿತು. ನಾನು ಉಗುರು ಆಡಿಸಿ ನೋಡಿದೆ, ಎಲ್ಲಿ ಕೂಡಿದೆ ಎಂದು ತಿಳಿಯಲಿಲ್ಲ. ಕಾಶಿನಾಥ ಇನ್ನೊಂದು ಸಾಗವಾನಿಯ ತುಂಡು ಇಟ್ಟು, ಅಂಗೈಯಗಲದ ಒಂದು ಎತ್ತಿನ ಮುಖ ಕೆತ್ತಿಸಿದ. ಅಗಲ ಹಣೆ, ಒಳಕ್ಕೆ ಬಾಗಿದ ಕೋಡು. ನಾನು ತಿಕ್ಕಿ ಪಾಲೀಸ್ ಹಾಕಿದೆ. ಅದನ್ನು ತೊಲೆಯ ನಟ್ಟನಡುವೆ, ಬೇರಿಂಗುಗಳಿಂದ ದೂರದಲ್ಲಿ ಬೋಲ್ಟು ಹಾಕಿ ಕೂರಿಸಿದ. ಬಾಳವ್ವನನ್ನು ಕರೆದು, "ಚಿಗವ್ವಾ, ಹೊಸಾ ಹೆಗಲಿಗೆ ಒಂದ ಕಣ ಧೂಳು ಸುದ್ದಾ ತಾಳೂದಿಲ್ಲ. ಅಲ್ಲಿ ಕೈ ಹಚ್ಚಬ್ಯಾಡ. ಹಣಿ ಮಾಡೇನಿ, ಈಬತ್ತಿ ಇಲ್ಲಿ ಹಚ್ಚು" ಅಂದ. ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕಾಗಿ ಅವನು ಎರಡು ದಿನ ಯೋಚಿಸಿದ್ದ ಎಂದು ನನಗೆ ಗೊತ್ತು.

ಬಾಳವ್ವ ಎತ್ತಿನ ಮುಖ ಸವರಿದಳು. "ಇಷ್ಟ ವರ್ಷ ಹಣಿ ಯಾಕ ಮಾಡ್ಲಿಲ್ಲೋ?" ಎಂದು ಕೇಳಿದಳು. ಕಾಶಿನಾಥ, "ತಿಳಿದಿರ್ಲಿಲ್ಲ" ಅಂದ. ಅದೂ ಖರೆಯೇ. ಅವಳು ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿ ಮನೆಗೆ ಹೋದಳು.

ಮುಂದಿನ ಸೋಮವಾರ ಶೋಭಾ ಅಕ್ಕೋರ ಹೊಸ ಬಾಗಿಲು ನನ್ನ ಶೆಡ್ಡಿನಲ್ಲಿತ್ತು. ಭಾನುವಾರ ಕೆತ್ತಿ ಮುಗಿಸಿದ್ದ. ನಾನು ಶೆಡ್ಡಿನ ಬಾಗಿಲಿಗೆ ಪಡದಾ ಎಳೆದುಕೊಂಡು ತಿಕ್ಕುತ್ತಾ ಕೂತಿದ್ದೆ. ಬಾಳವ್ವ ಪಡದಾ ಸರಿಸಿ ಒಳಗೆ ಬಂದಳು. ಬೈಯಲು ಬಂದಿರಬೇಕೆಂದು ತಲೆ ತಗ್ಗಿಸಿದೆ. ಅವಳು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ನನ್ನ ಬಲಗೈ ಹಿಡಿದು ಅಂಗೈ ತಿರುಗಿಸಿದಳು.

"ನಿನ್ನ ಧೂಳು ಕೆಂಪೈತಿ" ಅಂದಳು.

ನಾನು ಕೈ ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ಆ ಡಬ್ಬಿ ಹುಣಸಿಹಣ್ಣ ಹಚ್ಚಿ ತಿಕ್ಕಿ, ಬಿಸಿನೀರಾಗ ಇಟ್ಟಿದ್ದೆ, ಮಾಡದಾಗ ಇಡೂದು ಹೊಳೀಲಿ ಅಂತ. ಸಂದಿಯೊಳಗಿಂದ ಬೆಳ್ಳಗ ಇಳೀತು. ಅರವತ್ತ ವರ್ಷ ಹಣಿಗೆ ಹಚ್ಕೊಂಡೇನಿ. ನನ್ನ ಈಬತ್ತಿ ನನಗ ಗುರುತ ಸಿಗೂದಿಲ್ಲೇನೋ?"

"ಚಿಗವ್ವಾ, ಅದು..."

"ಅಂವಗ ಸುಳ್ಳ ಹೇಳಾಕ ಬರೂದಿಲ್ಲ. ಅದಕ್ಕ ನೀ ಹೇಳಿದಿ."

ನನ್ನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅವಳ ಕಣ್ಣು ತುಂಬಿದ್ದವು. ನಾವು ಹೆದರಿದ್ದು ಆಗಿಯೇಹೋಯಿತು ಅನ್ನಿಸಿತು. ಏನಾದರೂ ಹೇಳಬೇಕೆಂದು, "ನಿನ್ನ ತಪ್ಪೇನೈತಿ ಚಿಗವ್ವಾ, ಪ್ರೀತಿಲೇ ಹಚ್ಚಿದ್ದಿ" ಅಂದೆ.

"ಸಾರಂಗನ ಸಂಗಾಟ ಇದನ್ನೂ ಕೊರಳಿಗೆ ಕಟ್ಕೊಂಡ ಕುಂಡ್ರತಾಳ ಅಂತ ಅಂಜಿದ್ರೇನು ಇಬ್ಬರೂ?" ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆ ಸಾರಂಗ ಸತ್ತಿದ್ದ. ಈ ಸಾರಂಗ ಎದ್ದಾನ."

ತಗಡಿನ ಗೋಡೆಯ ಆಚೆ ಪಾನಾ ಕೆಳಗಿಟ್ಟ ಸದ್ದಾಯಿತು. ಕಾಶಿನಾಥ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಈ ಕಡೆ ಬರಲಿಲ್ಲ. ಆಮೇಲೆ ನೋಡಿದರೆ ಗೋಡೆಗೆ ಒರಗಿ ಮಗುವಿನಂತೆ ಅತ್ತಿದ್ದ.

ಬಾಳವ್ವ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು. ನನ್ನ ಕುಡಿಯುವ ನೀರಿನ ತಂಬಿಗೆಯಿಂದ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ತೇಯ್ದಳು. "ನಿಮ್ಮ ದೇವರ ಭಂಡಾರ ಇಲ್ಲ ನನ್ನ ಹಂತ್ಯಾಕ. ಇವತ್ತ ಇದನ್ನ ಹಚ್ಚಿಸ್ಕೊ" ಎಂದು ನನ್ನ ಹಣೆಗೆ ಮೂರು ಬೆರಳು ಎಳೆದಳು. ಒದ್ದೆ ತಣ್ಣಗಿತ್ತು. ಹನ್ನೊಂದು ವರ್ಷ ಆ ಬೆರಳು ಮಷೀನಿನ ಮೇಲೆ ಓಡುವುದನ್ನು ನೋಡಿದ್ದೆ, ಅಷ್ಟು ಮೆತ್ತಗಿರುತ್ತದೆಂದು ತಿಳಿದಿರಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಪಾಲೀಸ್ ಕಾಗದವನ್ನು ಕಸಿದುಕೊಂಡು ಕಿಟಕಿಯ ಮೇಲಿಟ್ಟಳು.

"ಇವತ್ತ ಸೋಮವಾರ" ಅಂದಳು. "ನೀನೂ ಹೂಡಬ್ಯಾಡ."

ನಾನು ಎದ್ದು ಬಟ್ಟೆಯ ಧೂಳು ಕೊಡವಿಕೊಂಡು ಆಚೆಯ ಶೆಡ್ಡಿಗೆ ಹೋದೆ. ಕಾಶಿನಾಥ ಹಲಗೆಯ ಮೇಲೆ ಸರಿದು ಜಾಗ ಕೊಟ್ಟ. ಅವನ ಹಣೆಯಲ್ಲೂ ಮೂರು ಗೆರೆ ಇದ್ದವು, ಎತ್ತಿನ ಹಣೆಯಲ್ಲೂ ಇದ್ದವು. ಬಾಳವ್ವ ರೊಟ್ಟಿ, ಝುಣಕದ ಬುತ್ತಿ ತಂದಳು, ಮೂವರೂ ಉಂಡೆವು. ನಡುವೆ ಹುಕ್ಕೇರಿಯಿಂದ ಶೋಭಾ ಅಕ್ಕೋರ ಫೋನು ಬಂತು, ಬಾಗಿಲು ಎಲ್ಲಿಗೆ ಬಂತು ಎಂದು ಕೇಳಿದರು. ನಾನು, "ನಾಳೆ ಕೈ ಹಚ್ಚತೇನ್ರಿ ಅಕ್ಕೋರ, ಇವತ್ತ ನಮಗ ಬಿಡುವೈತ್ರಿ" ಎಂದು ಹೇಳಿ ಫೋನು ಇಟ್ಟೆ.